ಪಂದ್ಯಾವಳಿಯ ಕೊನೆಗೆ ಯಾರು ಎಲ್ಲಿ?

ಕ್ರಿಕೆಟ್ ಪಂದ್ಯಾವಳಿಯೊಂದು ಆರಂಭವಾಗುತ್ತದೆ ಎಂದಾಗ ದೇಶನೂರಿನ ಕಟ್ಟೆಯಿಂದ ಹಿಡಿದು ಬಳ್ಳಾರಿಯ ಕಾಲೇಜು ಹಾಸ್ಟೆಲುಗಳವರೆಗೆ ಒಂದೇ ಚರ್ಚೆ ನಡೆಯುತ್ತದೆ. ಈ ಸಲ ಯಾವ ತಂಡ ಮೊದಲ ಸ್ಥಾನಕ್ಕೆ ಬರುತ್ತದೆ? ಯಾವುದು ಕೊನೆಯಲ್ಲಿ ಉಳಿಯುತ್ತದೆ? ನಮ್ಮ ತಂಡ ಮುಂದಿನ ಸುತ್ತಿಗೆ ಹೋಗುತ್ತದೆಯೋ ಇಲ್ಲವೋ? ಒಬ್ಬ ಖಚಿತವಾಗಿ ಹೌದು ಎನ್ನುತ್ತಾನೆ, ಇನ್ನೊಬ್ಬ ಅಷ್ಟೇ ಖಚಿತವಾಗಿ ಇಲ್ಲ ಎನ್ನುತ್ತಾನೆ. ಕಾರಣ ಕೇಳಿದರೆ ಇಬ್ಬರ ಬಳಿಯೂ ಇರುವುದು ಅಭಿಮಾನ ಮಾತ್ರ. ಈ ಪ್ರಶ್ನೆಗೆ ಅಭಿಮಾನ ಬಿಟ್ಟು ಲೆಕ್ಕದಿಂದ ಉತ್ತರಿಸಲು ಸಾಧ್ಯವೇ, ಸಾಧ್ಯವಾದರೆ ಎಷ್ಟರ ಮಟ್ಟಿಗೆ ಎಂಬುದು ಇಂದಿನ ವಿಷಯ.

ಈ ಬಗೆಯ ಲೆಕ್ಕವನ್ನು ಹೆಚ್ಚಾಗಿ ಬೆಳೆಸಿದವರು ಅಮೆರಿಕದ ಬೇಸ್‌ಬಾಲ್ ಪ್ರಿಯರು. ಅಲ್ಲಿ 30 ತಂಡಗಳನ್ನು ಐದೈದರಂತೆ ಆರು ವಿಭಾಗಗಳಾಗಿ ಹಂಚಿದ್ದಾರೆ. ಪ್ರತಿ ತಂಡವೂ ಒಂದು ಋತುವಿನಲ್ಲಿ 162 ಪಂದ್ಯಗಳನ್ನು ಆಡುತ್ತದೆ. ಋತು ಆರಂಭವಾಗುವ ಮುನ್ನವೇ ಪ್ರತಿ ವಿಭಾಗದಲ್ಲಿ ಯಾರು ಮೊದಲು, ಯಾರು ಐದನೆಯವರು ಎಂದು ಬರೆದಿಡುವುದು ಅಲ್ಲಿನ ಪತ್ರಿಕೆಗಳ ಹಳೆಯ ವಾಡಿಕೆ. ನಮ್ಮಲ್ಲಿ ರಣಜಿ ಟ್ರೋಫಿಯ ಗುಂಪುಗಳು ಹೆಚ್ಚುಕಡಿಮೆ ಇದೇ ಬಗೆಯವು. ಹಾಗಾಗಿ ಅಲ್ಲಿಯ ಲೆಕ್ಕವನ್ನು ಇಲ್ಲಿಯ ಆಟಕ್ಕೂ ಹಚ್ಚಿ ನೋಡಬಹುದು.

ಮೊದಲು ಒಂದು ಚಿಕ್ಕ ಪಂದ್ಯಾವಳಿಯನ್ನು ಕಲ್ಪಿಸಿಕೊಳ್ಳೋಣ. ದೇಶನೂರು, ಸಿರುಗುಪ್ಪ, ತೆಕ್ಕಲಕೋಟೆ, ಕುರುಗೋಡು, ಬಳ್ಳಾರಿ ಎಂಬ ಐದು ವಾಲಿಬಾಲ್ ತಂಡಗಳಿವೆ ಎಂದಿಟ್ಟುಕೊಳ್ಳಿ. ಪ್ರತಿ ತಂಡವೂ ಉಳಿದ ನಾಲ್ಕು ತಂಡಗಳೊಡನೆ ಒಂದೊಂದು ಪಂದ್ಯ ಆಡುತ್ತದೆ. ಒಟ್ಟು ಪಂದ್ಯಗಳು ಹತ್ತು. ಪ್ರತಿ ಪಂದ್ಯಕ್ಕೂ ಎರಡೇ ಫಲಿತಾಂಶ. ಆದ್ದರಿಂದ ಇಡೀ ಪಂದ್ಯಾವಳಿ ನಡೆಯಬಹುದಾದ ರೀತಿಗಳು ಎರಡನ್ನು ಹತ್ತು ಸಲ ಗುಣಿಸಿದಷ್ಟು, ಅಂದರೆ 1,024. ಐದು ತಂಡಗಳನ್ನು ಒಂದರಿಂದ ಐದರವರೆಗೆ ಸಾಲಾಗಿ ನಿಲ್ಲಿಸುವ ರೀತಿಗಳು 120. ಕಣ್ಣು ಮುಚ್ಚಿಕೊಂಡು ಒಂದು ಸಾಲನ್ನು ಬರೆದರೆ ಅದು ಪೂರ್ತಿ ಸರಿಯಾಗುವ ಸಂಭವ 120ರಲ್ಲಿ ಒಂದು ಮಾತ್ರ. ಐದೇ ತಂಡಗಳಿಗೆ ಇಷ್ಟಾದರೆ ಹತ್ತು ತಂಡಗಳಿಗೆ ಆ ಸಾಲುಗಳು 36 ಲಕ್ಷ ದಾಟುತ್ತವೆ.

ನಾವು ಕಣ್ಣು ಮುಚ್ಚಿಕೊಂಡು ಬರೆಯುವುದಿಲ್ಲ, ಯಾರು ಬಲಿಷ್ಠರು ಎಂಬುದು ನಮಗೆ ಗೊತ್ತಿದೆ ಎಂದು ನೀವು ಹೇಳಬಹುದು. ಆ ಮಾತು ಸರಿ. ಹಾಗಾದರೆ ನಮ್ಮ ಪಂದ್ಯಾವಳಿಯಲ್ಲಿ ಸಿರುಗುಪ್ಪವೇ ಬಲಿಷ್ಠ ತಂಡ, ಯಾರ ವಿರುದ್ಧ ಆಡಿದರೂ ನೂರಕ್ಕೆ 60 ಸಲ ಗೆಲ್ಲುವ ಶಕ್ತಿ ಅದಕ್ಕಿದೆ ಎಂದು ಭಾವಿಸೋಣ. ಆ ತಂಡ ನಾಲ್ಕೂ ಪಂದ್ಯ ಗೆಲ್ಲುವ ಸಂಭವ ಎಷ್ಟು? 0.6 ಅನ್ನು ನಾಲ್ಕು ಸಲ ಗುಣಿಸಿ. ಬರುವ ಉತ್ತರ ಶೇಕಡಾ 13. ಅದು ಎರಡು ಅಥವಾ ಅದಕ್ಕಿಂತ ಹೆಚ್ಚು ಪಂದ್ಯ ಸೋಲುವ ಸಂಭವ ಶೇಕಡಾ 52! ಎಲ್ಲರಿಗಿಂತ ಬಲಿಷ್ಠವಾದ ತಂಡವೇ ಅರ್ಧಕ್ಕಿಂತ ಹೆಚ್ಚು ಸಲ ಎರಡೆರಡು ಪಂದ್ಯ ಸೋಲುತ್ತದೆ. ಹಾಗೆ ಸೋತಾಗ 'ಹುಡುಗರು ಸರಿಯಾಗಿ ಆಡಲಿಲ್ಲ, ಮೊದಲಿನ ತಂಡ ಇದಲ್ಲ' ಎಂದು ನಾವು ಬೈಯುತ್ತೇವೆ. ನಿಜವಾಗಿ ಆ ತಂಡದ ಬಲ ಕೊಂಚವೂ ಕುಗ್ಗಿರುವುದಿಲ್ಲ. ಪಂದ್ಯಗಳು ತೀರ ಕಡಿಮೆ ಇದ್ದವು, ಅಷ್ಟೆ.

ಪಂದ್ಯಗಳು ಹೆಚ್ಚಿದಂತೆ ಅದೃಷ್ಟದ ಕೈ ಸಡಿಲವಾಗುತ್ತ ಬರುತ್ತದೆ. ಅದೇ ಶೇಕಡಾ 60ರ ತಂಡ ಐಪಿಎಲ್‌ನಂತೆ 14 ಲೀಗ್ ಪಂದ್ಯ ಆಡಿದರೆ ನೂರಕ್ಕೆ ಸುಮಾರು 73 ಸಲ ಅದರ ಗೆಲುವು 7ರಿಂದ 10ರ ನಡುವೆ ಇರುತ್ತದೆ. ಹತ್ತು ತಂಡಗಳ ಐಪಿಎಲ್‌ನಲ್ಲಿ ಏಳು ಗೆಲುವೆಂದರೆ ನಾಲ್ಕನೆಯ ಸ್ಥಾನಕ್ಕೆ ಹೆಣಗಾಟ. ಹತ್ತು ಗೆಲುವೆಂದರೆ ಅಗ್ರಸ್ಥಾನಕ್ಕೇ ಹಕ್ಕು. ಒಂದೇ ಬಲದ ತಂಡಕ್ಕೆ ಈ ಎರಡೂ ಸಾಧ್ಯ ಎಂಬುದನ್ನು ಗಮನಿಸಿ. ಅದೇ ತಂಡ ಬೇಸ್‌ಬಾಲಿನಂತೆ 162 ಪಂದ್ಯ ಆಡಿದರೆ ಸುಮಾರು ಮೂರರಲ್ಲಿ ಎರಡು ಸಲ 91ರಿಂದ 103 ಗೆಲುವುಗಳ ನಡುವೆ ನಿಲ್ಲುತ್ತದೆ. ಶೇಕಡಾವಾರು ನೋಡಿದರೆ ಇದು 56ರಿಂದ 64. ಬೇಸ್‌ಬಾಲಿನಲ್ಲಿ ಮುನ್ನೋಟದ ಲೆಕ್ಕ ಬೇರೂರಲು ಈ ದೀರ್ಘ ಋತುವೂ ಒಂದು ಕಾರಣ.

ಈಗ ಮುನ್ನೋಟಗಳ ಬಗೆಗಳನ್ನು ನೋಡೋಣ. ಎಲ್ಲಕ್ಕಿಂತ ಸುಲಭವಾದದ್ದು 'ಕಳೆದ ವರ್ಷ ಹೇಗೋ ಈ ವರ್ಷವೂ ಹಾಗೆಯೇ' ಎಂಬುದು. ಇದನ್ನು ಹಗುರವಾಗಿ ಕಾಣಬೇಡಿ. ರಣಜಿ ಟ್ರೋಫಿಯನ್ನು ಬಾಂಬೆ ತಂಡ 1958-59ರಿಂದ 1972-73ರವರೆಗೆ ಸತತ 15 ಸಲ ಗೆದ್ದಿತು. ಆ ಕಾಲದಲ್ಲಿ ಆಟದ ಗಂಧವೇ ಇಲ್ಲದವನೊಬ್ಬ ಪ್ರತಿವರ್ಷ 'ಬಾಂಬೆ' ಎಂದು ಬರೆಯುತ್ತ ಹೋಗಿದ್ದರೆ ಅವನನ್ನು ಮೀರಿಸುವ ಪಂಡಿತನೇ ಇರುತ್ತಿರಲಿಲ್ಲ. ಹದಿನಾರನೆಯ ವರ್ಷ, ಅಂದರೆ 1973-74ರಲ್ಲಿ, ಎರಪಳ್ಳಿ ಪ್ರಸನ್ನ ಅವರ ನಾಯಕತ್ವದ ಕರ್ನಾಟಕ ತಂಡ ಬೆಂಗಳೂರಿನಲ್ಲಿ ನಡೆದ ಸೆಮಿಫೈನಲ್‌ನಲ್ಲಿ ಮೊದಲ ಇನಿಂಗ್ಸ್ ಮುನ್ನಡೆಯ ಬಲದಿಂದ ಬಾಂಬೆಯನ್ನು ಹಿಂದಿಕ್ಕಿತು. ಫೈನಲ್‌ನಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ಪ್ರಶಸ್ತಿ ಪಡೆಯಿತು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದೇ ಋತುವಿನ ಗೆಲುವು ಇದು. ಇದರಿಂದ ಎರಡು ಪಾಠಗಳು ಸಿಗುತ್ತವೆ. ಹೊಸ ಲೆಕ್ಕ ಎಷ್ಟೇ ಜಾಣತನದ್ದಾಗಿರಲಿ, ಅದು ಮೊದಲು ಕಳೆದ ವರ್ಷದ ಪಟ್ಟಿಗಿಂತ ಉತ್ತಮವೆಂದು ತೋರಿಸಬೇಕು. ಮತ್ತೆ, ಹದಿನೈದು ಸಲ ನಿಜವಾದದ್ದು ಹದಿನಾರನೆಯ ಸಲವೂ ನಿಜವಾಗಲೇಬೇಕೆಂಬ ನಿಯಮವಿಲ್ಲ.

ಎರಡನೆಯ ಬಗೆ ಇದಕ್ಕಿಂತ ಸ್ವಲ್ಪ ಸೂಕ್ಷ್ಮವಾದದ್ದು. ಒಂದು ತಂಡ ಒಂದು ವರ್ಷ ಅತ್ಯುತ್ತಮ ಫಲಿತಾಂಶ ಪಡೆಯಿತೆಂದರೆ ಅದರಲ್ಲಿ ಬಲವೂ ಇರುತ್ತದೆ, ಅದೃಷ್ಟವೂ ಇರುತ್ತದೆ. ಮರುವರ್ಷ ಬಲ ಉಳಿಯಬಹುದು. ಅದೃಷ್ಟವನ್ನು ಹೊಸದಾಗಿಯೇ ಎದುರಿಸಬೇಕು. ಆದ್ದರಿಂದ ತುತ್ತತುದಿಯಲ್ಲಿದ್ದವರು ತುಸು ಕೆಳಗೆ, ತೀರ ತಳದಲ್ಲಿದ್ದವರು ತುಸು ಮೇಲೆ ಸರಿಯುವುದೇ ಹೆಚ್ಚು. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸರಾಸರಿಯತ್ತ ಮರಳುವಿಕೆ ಎನ್ನುತ್ತಾರೆ. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ತಂದೆತಾಯಿಯರ ಮತ್ತು ಮಕ್ಕಳ ಎತ್ತರವನ್ನು ಹೋಲಿಸುವಾಗ ಇದನ್ನು ಗುರುತಿಸಿದ. ನಮ್ಮ ಉದಾಹರಣೆಯನ್ನೇ ನೋಡಿ. ವಿನಯ್ ಕುಮಾರ್ ನಾಯಕತ್ವದ ಕರ್ನಾಟಕ ತಂಡ 2013-14 ಮತ್ತು 2014-15ರಲ್ಲಿ ಸತತವಾಗಿ ರಣಜಿ ಟ್ರೋಫಿ, ಇರಾನಿ ಕಪ್, ವಿಜಯ್ ಹಜಾರೆ ಟ್ರೋಫಿ ಮೂರನ್ನೂ ಗೆದ್ದಿತು. ಮುಂದಿನ 2015-16ರ ಋತುವಿನಲ್ಲಿ ಅದೇ ತಂಡ ರಣಜಿಯ ಕ್ವಾರ್ಟರ್ ಫೈನಲ್ ಕೂಡ ತಲುಪಲಿಲ್ಲ. ಆ ವರ್ಷ ಸೆಮಿಫೈನಲ್‌ಗೆ ಬಂದ ತಂಡಗಳಲ್ಲಿ ಅಸ್ಸಾಂ ಒಂದು. ಕರ್ನಾಟಕದ ಆಟಗಾರರು ಒಂದೇ ವರ್ಷದಲ್ಲಿ ಆಟ ಮರೆತರೇ? ಇಲ್ಲ. ತುದಿಯಲ್ಲಿ ನಿಂತವರಿಗೆ ಮೇಲೇರಲು ಜಾಗವಿರುವುದಿಲ್ಲ, ಇಳಿಯಲು ಮಾತ್ರ ಜಾಗವಿರುತ್ತದೆ.

ಮೂರನೆಯ ಬಗೆ ಎಷ್ಟು ಪಂದ್ಯ ಗೆದ್ದರು ಎಂಬುದಕ್ಕಿಂತ ಎಷ್ಟರಿಂದ ಗೆದ್ದರು, ಎಷ್ಟರಿಂದ ಸೋತರು ಎಂದು ಕೇಳುತ್ತದೆ. ಇದನ್ನು ಬೇಸ್‌ಬಾಲಿನಲ್ಲಿ ಜನಪ್ರಿಯಗೊಳಿಸಿದವರು ಬಿಲ್ ಜೇಮ್ಸ್. ಅವರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಲ್ಲ. ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಡಬ್ಬಿ ಆಹಾರದ ಕಾರ್ಖಾನೆಯೊಂದರಲ್ಲಿ ರಾತ್ರಿ ಕಾವಲುಗಾರರಾಗಿದ್ದುಕೊಂಡು, ಬಿಡುವಿನಲ್ಲಿ ಪಂದ್ಯಗಳ ಅಂಕಿಅಂಶಗಳನ್ನು ಅಭ್ಯಾಸ ಮಾಡಿ, 1977ರಲ್ಲಿ ತಾವೇ ಸಣ್ಣ ಪುಸ್ತಕವೊಂದನ್ನು ಅಚ್ಚು ಹಾಕಿಸಿದರು. ಅವರ ಸೂತ್ರ ಸರಳವಾದದ್ದು. ತಂಡ ಗಳಿಸಿದ ಓಟಗಳ ವರ್ಗವನ್ನು ತೆಗೆದುಕೊಳ್ಳಿ. ಅದನ್ನು, ಗಳಿಸಿದ ಓಟಗಳ ವರ್ಗ ಮತ್ತು ಎದುರಾಳಿಗೆ ಬಿಟ್ಟುಕೊಟ್ಟ ಓಟಗಳ ವರ್ಗ, ಇವೆರಡರ ಮೊತ್ತದಿಂದ ಭಾಗಿಸಿ. ಬರುವುದೇ ಆ ತಂಡ ಗೆಲ್ಲಬೇಕಾಗಿದ್ದ ಪಂದ್ಯಗಳ ಪ್ರಮಾಣ. ವರ್ಗಗಳ ಮೊತ್ತ ಬರುವುದರಿಂದ ಇದಕ್ಕೆ ಪೈಥಾಗೊರಸ್ ಹೆಸರೇ ಅಂಟಿಕೊಂಡಿತು. 800 ಓಟ ಗಳಿಸಿ 700 ಬಿಟ್ಟುಕೊಟ್ಟ ತಂಡ ಈ ಲೆಕ್ಕದಂತೆ 162ರಲ್ಲಿ ಸುಮಾರು 92 ಪಂದ್ಯ ಗೆಲ್ಲಬೇಕು. ಅದು 100 ಗೆದ್ದಿದ್ದರೆ ಅದೃಷ್ಟ ಕೈಹಿಡಿದಿದೆ, ಮುಂದಿನ ವರ್ಷ ಜಾಗ್ರತೆ ಎಂದು ಅರ್ಥ. 85 ಗೆದ್ದಿದ್ದರೆ ತಂಡ ಪಟ್ಟಿಯಲ್ಲಿ ಕಾಣುವುದಕ್ಕಿಂತ ಬಲವಾಗಿದೆ ಎಂದು ಅರ್ಥ.

ಅಂತರವನ್ನು ಏಕೆ ನೋಡಬೇಕು ಎಂಬುದಕ್ಕೆ ನಮ್ಮದೇ ಸಾಕ್ಷಿಯಿದೆ. 2017ರ ಡಿಸೆಂಬರ್‌ನಲ್ಲಿ ಕೋಲ್ಕತ್ತದಲ್ಲಿ ನಡೆದ ರಣಜಿ ಸೆಮಿಫೈನಲ್‌ನಲ್ಲಿ ಕರ್ನಾಟಕ ವಿದರ್ಭದೆದುರು 5 ಓಟಗಳಿಂದ ಸೋತಿತು. ಎರಡು ಇನಿಂಗ್ಸ್ ಸೇರಿ ವಿದರ್ಭ ಗಳಿಸಿದ್ದು 498, ಕರ್ನಾಟಕ 493. ವಿದರ್ಭ ಮುಂದೆ ಚಾಂಪಿಯನ್ ಆಯಿತು. ದಾಖಲೆಯಲ್ಲಿ ಒಂದು ಗೆಲುವು, ಒಂದು ಸೋಲು. ಬಲದ ಲೆಕ್ಕದಲ್ಲಿ ಎರಡು ತಂಡಗಳೂ ಸರಿಸಮ. 2024-25ರ ಋತುವಿನಲ್ಲಿ ಕೇರಳದ ಕಥೆ ಇನ್ನೂ ಸ್ವಾರಸ್ಯವಾದದ್ದು. ಕ್ವಾರ್ಟರ್ ಫೈನಲ್‌ನಲ್ಲಿ ಜಮ್ಮು ಮತ್ತು ಕಾಶ್ಮೀರದ ವಿರುದ್ಧ ಒಂದು ಓಟದ ಮುನ್ನಡೆ, ಸೆಮಿಫೈನಲ್‌ನಲ್ಲಿ ಗುಜರಾತ್ ವಿರುದ್ಧ ಎರಡು ಓಟಗಳ ಮುನ್ನಡೆ. ಈ ಮೂರು ಓಟಗಳ ಬಲದಿಂದ ಕೇರಳ ತನ್ನ ಇತಿಹಾಸದಲ್ಲೇ ಮೊದಲ ಸಲ ರಣಜಿ ಫೈನಲ್ ಆಡಿತು. ಗುಜರಾತಿನ ಕೊನೆಯ ವಿಕೆಟ್ ಬಿದ್ದದ್ದು ಹತ್ತಿರ ನಿಂತಿದ್ದ ಕ್ಷೇತ್ರರಕ್ಷಕನ ಹೆಲ್ಮೆಟ್ಟಿಗೆ ಬಡಿದು ಪುಟಿದ ಚೆಂಡು ಕ್ಯಾಚ್ ಆದದ್ದರಿಂದ. ಅದೇ ವರ್ಷ ಕೇರಳದ ಗುಂಪಿನಲ್ಲೇ ಇದ್ದ ಕರ್ನಾಟಕ ಲೀಗ್ ಹಂತದಲ್ಲೇ ಹೊರಬಿದ್ದಿತ್ತು. ಹೆಲ್ಮೆಟ್ಟಿನ ಕೋನವನ್ನು ಯಾವ ಮುನ್ನೋಟಗಾರ ತಾನೇ ಬರೆದಿಡಬಲ್ಲ?

ಮುನ್ನೋಟವನ್ನು ಒಂದೇ ಸಲ ಬರೆದು ಗೋಡೆಗೆ ಅಂಟಿಸಬಾರದು; ಪ್ರತಿ ಪಂದ್ಯದ ನಂತರ ಅದನ್ನು ತಿದ್ದುತ್ತ ಹೋಗಬೇಕು. 2024ರ ಐಪಿಎಲ್‌ನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತು ಪಟ್ಟಿಯ ತಳದಲ್ಲಿತ್ತು. ಉಳಿದದ್ದು ಆರು ಪಂದ್ಯ. ಪ್ರತಿ ಪಂದ್ಯದಲ್ಲೂ ಅರ್ಧಕ್ಕರ್ಧ ಅವಕಾಶ ಎಂದುಕೊಂಡರೂ ಆರನ್ನೂ ಗೆಲ್ಲುವ ಸಂಭವ 64ರಲ್ಲಿ ಒಂದು. ತಂಡ ಆರನ್ನೂ ಗೆದ್ದಿತು. ಮೇ 18ರಂದು ಬೆಂಗಳೂರಿನಲ್ಲಿ ನಡೆದ ಕೊನೆಯ ಲೀಗ್ ಪಂದ್ಯದಲ್ಲಿ 218 ಓಟ ಗಳಿಸಿದ ಬೆಂಗಳೂರು, ಚೆನ್ನೈಯನ್ನು ಕನಿಷ್ಠ 18 ಓಟಗಳಿಂದ ಸೋಲಿಸಬೇಕಿತ್ತು. ಗೆದ್ದದ್ದು 27 ಓಟಗಳಿಂದ. ಎರಡು ತಂಡಗಳಿಗೂ 14 ಅಂಕ ಬಂದು, ನಿವ್ವಳ ರನ್ ದರ ಬೆಂಗಳೂರನ್ನು ನಾಲ್ಕನೆಯ ಸ್ಥಾನಕ್ಕೆ ಏರಿಸಿತು. ನಿವ್ವಳ ರನ್ ದರ ಎಂದರೆ ಓವರಿಗೆ ಸರಾಸರಿ ಗಳಿಸಿದ ಓಟಗಳಿಂದ ಓವರಿಗೆ ಸರಾಸರಿ ಬಿಟ್ಟುಕೊಟ್ಟ ಓಟಗಳನ್ನು ಕಳೆದಾಗ ಬರುವ ಸಂಖ್ಯೆ. ಎಂಟು ಪಂದ್ಯಗಳಾದ ಮೇಲೆ 'ಈ ತಂಡ ಮುಂದಿನ ಸುತ್ತಿಗೆ ಹೋಗುವುದು ಬಹಳ ಕಷ್ಟ' ಎಂದವರ ಮಾತು ತಪ್ಪಲ್ಲ. 'ಸಾಧ್ಯವೇ ಇಲ್ಲ' ಎಂದವರ ಮಾತು ತಪ್ಪು. ಕಷ್ಟ ಮತ್ತು ಅಸಾಧ್ಯ ಇವೆರಡರ ನಡುವಿನ ವ್ಯತ್ಯಾಸವನ್ನು ಸಂಖ್ಯೆಯಲ್ಲಿ ಹೇಳುವುದೇ ಮುನ್ನೋಟದ ಕೆಲಸ.

ಇದು ಆಟಕ್ಕಷ್ಟೇ ಸೀಮಿತವಾದ ವಿಷಯವಲ್ಲ. ಸಿರುಗುಪ್ಪ ತಾಲ್ಲೂಕಿನ ಭತ್ತದ ರೈತನೂ ಪ್ರತಿ ಮುಂಗಾರಿನಲ್ಲಿ ಒಂದು ಮುನ್ನೋಟ ಮಾಡುತ್ತಾನೆ. ಜಲಾಶಯದಲ್ಲಿ ನೀರೆಷ್ಟು, ಕಾಲುವೆಗೆ ಎಂದು ಬಿಡುತ್ತಾರೆ, ಸಸಿ ಮಡಿ ಯಾವಾಗ ಹಾಕಬೇಕು ಎಂದು ಲೆಕ್ಕ ಹಾಕುತ್ತಾನೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯ ತುಂಬಿತ್ತು. ಆಗಸ್ಟ್ 10ರ ರಾತ್ರಿ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಅಪಾರ ನೀರು ನದಿಗೆ ಹರಿದುಹೋಯಿತು. ಆ ಜಾಗದಲ್ಲಿ ತಾತ್ಕಾಲಿಕ ಗೇಟನ್ನು ಕೂರಿಸಿದರು. ಬಳಿಕ ಮಳೆ ಬಂದು ಜಲಾಶಯ ಮತ್ತೆ ತುಂಬಿಕೊಂಡಿತು. ಎರಡೇ ತಿಂಗಳಲ್ಲಿ ರೈತನ ಲೆಕ್ಕ ಒಮ್ಮೆ ಮೇಲಾಯಿತು, ಒಮ್ಮೆ ಕೆಳಗಾಯಿತು, ಮತ್ತೆ ಮೇಲಾಯಿತು. ಆದರೂ ಲೆಕ್ಕ ಹಾಕುವುದನ್ನು ಅವನು ಬಿಡುವುದಿಲ್ಲ. ಬಿಟ್ಟರೆ ಬೇಸಾಯವೇ ನಡೆಯದು. ಲೆಕ್ಕ ತಪ್ಪಿದರೆ ಏನು ಮಾಡಬೇಕು ಎಂಬುದನ್ನೂ ಲೆಕ್ಕದೊಳಗೇ ಸೇರಿಸಿಕೊಳ್ಳುತ್ತಾನೆ. ಒಳ್ಳೆಯ ಮುನ್ನೋಟಗಾರನ ಲಕ್ಷಣವೂ ಇದೇ.

ಹಾಗಾದರೆ ಯಾರ ಮುನ್ನೋಟ ಒಳ್ಳೆಯದೆಂದು ಅಳೆಯುವುದು ಹೇಗೆ? ಅಮೆರಿಕದ ಹವಾಮಾನ ತಜ್ಞ ಗ್ಲೆನ್ ಬ್ರಯರ್ 1950ರಲ್ಲಿ ಒಂದು ಸರಳ ಅಳತೆಗೋಲನ್ನು ಕೊಟ್ಟರು. ಒಂದು ತಂಡ ಗೆಲ್ಲುವ ಸಂಭವ 0.7 ಎಂದು ನೀವು ಬರೆದಿದ್ದೀರಿ. ತಂಡ ಗೆದ್ದರೆ ಫಲಿತಾಂಶ 1, ಸೋತರೆ 0. ನೀವು ಬರೆದ ಸಂಖ್ಯೆಗೂ ಫಲಿತಾಂಶಕ್ಕೂ ಇರುವ ವ್ಯತ್ಯಾಸವನ್ನು ವರ್ಗ ಮಾಡಿ. ಗೆದ್ದರೆ 0.09, ಸೋತರೆ 0.49. ಇದು ನಿಮ್ಮ ದಂಡ. ದಂಡ ಕಡಿಮೆಯಾದಷ್ಟೂ ಮುನ್ನೋಟ ಉತ್ತಮ. ಯಾವಾಗಲೂ 0.5 ಎಂದೇ ಬರೆಯುವವನಿಗೆ ಪ್ರತಿ ಸಲವೂ 0.25 ದಂಡ ಬೀಳುತ್ತದೆ. 'ನೂರಕ್ಕೆ ನೂರು ಗೆಲ್ಲುತ್ತದೆ' ಎಂದು ಎದೆ ತಟ್ಟಿ ಹೇಳಿ ಸೋತವನಿಗೆ ಪೂರ್ತಿ 1. ಅಹಂಕಾರಕ್ಕೆ ಗಣಿತ ವಿಧಿಸುವ ಶಿಕ್ಷೆ ಇದು. ಹತ್ತು ಪಂದ್ಯಗಳ ದಂಡದ ಸರಾಸರಿ ತೆಗೆದು ನೋಡಿದರೆ ಕಟ್ಟೆಯ ಮೇಲಿನ ದೊಡ್ಡ ದನಿಯವರಿಗಿಂತ ಮೂಲೆಯಲ್ಲಿ ಸುಮ್ಮನೆ ಕುಳಿತವನೇ ಮುಂದಿರಬಹುದು.

ಈಗ ಒಂದು ಗಂಭೀರವಾದ ಮಾತು. ಇಷ್ಟು ಲೆಕ್ಕ ಗೊತ್ತಾದರೆ ಹಣ ಕಟ್ಟಿ ಗೆಲ್ಲಬಹುದಲ್ಲವೇ ಎಂಬ ಆಸೆ ನಿಮ್ಮಲ್ಲಿ ಕೆಲವರಿಗೆ ಹುಟ್ಟಬಹುದು. ಕೈಯಲ್ಲಿರುವ ಫೋನು ಆ ಆಸೆಗೆ ದಾರಿ ತೋರಿಸುತ್ತದೆ. ಇಲ್ಲಿಯೂ ಲೆಕ್ಕವನ್ನೇ ಕೇಳೋಣ. ಅರ್ಧಕ್ಕರ್ಧ ಅವಕಾಶವಿರುವ ಪಂದ್ಯಕ್ಕೆ ನೀವು 100 ರೂಪಾಯಿ ಕಟ್ಟಿದ್ದೀರಿ. ಸೋತರೆ 100 ಹೋಯಿತು. ಗೆದ್ದರೆ ಬಾಜಿ ನಡೆಸುವವನು ಕೊಡುವುದು 90 ಎಂದಿಟ್ಟುಕೊಳ್ಳಿ. ಉಳಿದ ಹತ್ತು ಅವನ ಪಾಲು. ಸರಾಸರಿ ಪ್ರತಿ ಸಲ ನಿಮಗೆ 5 ರೂಪಾಯಿ ನಷ್ಟ. ನೂರು ಸಲ ಆಡಿದರೆ ಸರಾಸರಿ 500 ರೂಪಾಯಿ ನಷ್ಟ. ನಷ್ಟವಿಲ್ಲದೆ ಉಳಿಯಬೇಕಾದರೂ ನೀವು ನೂರಕ್ಕೆ ಸುಮಾರು 53 ಸಲ ಸರಿಯಾಗಿರಬೇಕು. ಎದುರಿಗೆ ಕುಳಿತವನ ಬಳಿ ನಿಮಗಿಂತ ದೊಡ್ಡ ಲೆಕ್ಕಾಚಾರವಿದೆ ಎಂಬುದನ್ನೂ ಮರೆಯಬೇಡಿ. ಹಿಂದೆ ನೋಡಿದೆವಲ್ಲ, ಪಂದ್ಯಗಳು ಹೆಚ್ಚಿದಂತೆ ಅದೃಷ್ಟ ಹಿಂದೆ ಸರಿದು ನಿಜವಾದ ಪ್ರಮಾಣ ಮುಂದೆ ಬರುತ್ತದೆ ಎಂದು. ಅದೇ ನಿಯಮ ಬಾಜಿಯಲ್ಲಿ ನಿಮ್ಮ ವಿರುದ್ಧವೇ ಕೆಲಸ ಮಾಡುತ್ತದೆ. ಮೊದಲ ದಿನ ಗೆದ್ದವನು ಹೆಚ್ಚು ಆಡುತ್ತಾನೆ, ಹೆಚ್ಚು ಆಡಿದವನು ಸೋಲುತ್ತಾನೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಕಾನೂನಿನ ಭಯಕ್ಕಿಂತ ಮೊದಲು ಗಣಿತದ ತಿಳಿವಳಿಕೆ ನಿಮ್ಮನ್ನು ತಡೆಯಬೇಕೆಂಬುದು ನನ್ನ ಆಸೆ. ಮನೆಯವರು ಬೆವರು ಸುರಿಸಿ ಕಾಲೇಜು ಶುಲ್ಕಕ್ಕೆಂದು ಕೊಟ್ಟ ಹಣ ಒಂದು ಹೆಲ್ಮೆಟ್ಟಿನ ಕೋನವನ್ನು ನಂಬಿಕೊಳ್ಳಬಾರದು.

ಹಾಗೆಂದು ಮುನ್ನೋಟದ ಸಂತೋಷವನ್ನು ಬಿಡಬೇಕಾಗಿಲ್ಲ. ಒಂದು ಚಟುವಟಿಕೆ ಹೇಳುತ್ತೇನೆ, ತರಗತಿಯಲ್ಲಿ ಮಾಡಿ ನೋಡಿ. ನಾವು ಕಲ್ಪಿಸಿಕೊಂಡ ಐದು ತಂಡಗಳ ಪಂದ್ಯಾವಳಿಯನ್ನೇ ತೆಗೆದುಕೊಳ್ಳಿ. ಒಂದೇ ಅಳತೆಯ ಹತ್ತು ಚೀಟಿಗಳನ್ನು ಮಾಡಿ ಒಂದು ಡಬ್ಬಿಯಲ್ಲಿ ಹಾಕಿ. ಸಿರುಗುಪ್ಪದ ಪಂದ್ಯವಾದರೆ ಆರು ಚೀಟಿಗಳಲ್ಲಿ ಸಿರುಗುಪ್ಪದ ಹೆಸರಿರಲಿ, ನಾಲ್ಕರಲ್ಲಿ ಎದುರಾಳಿಯ ಹೆಸರಿರಲಿ. ಉಳಿದ ಪಂದ್ಯಗಳಿಗೆ ಐದೈದು. ಕಣ್ಣು ಮುಚ್ಚಿ ಒಂದು ಚೀಟಿ ಎತ್ತಿ, ಹೆಸರು ಬಂದ ತಂಡ ಗೆದ್ದಿತೆಂದು ಬರೆದುಕೊಳ್ಳಿ, ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕಿ. ಹತ್ತು ಪಂದ್ಯ ಮುಗಿದಾಗ ಒಂದು ಅಂಕಪಟ್ಟಿ ಸಿದ್ಧವಾಗುತ್ತದೆ. ಹೀಗೆ ತರಗತಿಯ ಎಲ್ಲರೂ ಸೇರಿ ನೂರು ಪಂದ್ಯಾವಳಿಗಳನ್ನು ನಡೆಸಿ. ಸಿರುಗುಪ್ಪ ಎಷ್ಟು ಸಲ ಮೊದಲು ಬಂತು, ಎಷ್ಟು ಸಲ ತಳಕ್ಕೆ ಬಿತ್ತು ಎಂದು ಎಣಿಸಿ. 1940ರ ದಶಕದಲ್ಲಿ ಸ್ಟಾನಿಸ್ಲಾವ್ ಉಲಾಮ್ ಮತ್ತು ಜಾನ್ ವಾನ್ ನಾಯ್ಮನ್ ಎಂಬ ಗಣಿತಜ್ಞರು ಗಣಕಯಂತ್ರದ ಸಹಾಯದಿಂದ ಬೆಳೆಸಿದ ಮಾಂಟೆ ಕಾರ್ಲೊ ವಿಧಾನದ ತಿರುಳು ಇದೇ. ಇಂದು ಬೇಸ್‌ಬಾಲಿನ ಮುನ್ನೋಟಗಾರರು ಇದೇ ಚೀಟಿ ಎತ್ತುವ ಕೆಲಸವನ್ನು ಗಣಕಯಂತ್ರದಲ್ಲಿ ಸಾವಿರಾರು ಸಲ ಮಾಡುತ್ತಾರೆ.

ಆಮೇಲೆ ನಿಜವಾದ ಪಂದ್ಯಾವಳಿಯೊಂದನ್ನು ಆರಿಸಿಕೊಳ್ಳಿ. ಅದು ರಣಜಿಯಾಗಲಿ, ಕಬಡ್ಡಿಯಾಗಲಿ, ನಿಮ್ಮ ಕಾಲೇಜಿನದೇ ಆಗಲಿ. ಆರಂಭಕ್ಕೆ ಮುನ್ನ ಪ್ರತಿ ತಂಡದ ಎದುರು ಒಂದು ಶೇಕಡಾವಾರು ಸಂಖ್ಯೆ ಬರೆಯಿರಿ. ದಿನಾಂಕ ಹಾಕಿ, ಮುಗಿದ ಮೇಲೆ ದಂಡ ಎಣಿಸಿ. ಹೀಗೆ ಒಂದು ವರ್ಷ ಮಾಡಿದ ವಿದ್ಯಾರ್ಥಿ 'ಖಂಡಿತ' ಎಂಬ ಪದವನ್ನು ಯೋಚಿಸಿ ಬಳಸುತ್ತಾನೆ. ಪರೀಕ್ಷೆಯ ಫಲಿತಾಂಶವಿರಲಿ, ಮಳೆಯ ವರದಿಯಿರಲಿ, ಚುನಾವಣೆಯ ಸಮೀಕ್ಷೆಯಿರಲಿ, ಯಾರಾದರೂ ಮುಂದಾಗುವುದನ್ನು ಹೇಳಿದಾಗ ಅವನು ಕೇಳುವ ಮೊದಲ ಪ್ರಶ್ನೆ, 'ನೂರಕ್ಕೆ ಎಷ್ಟು?' ಎಂಬುದು. ಎರಡನೆಯದು, 'ನೀವು ಹಿಂದೆ ಹೇಳಿದ್ದು ಎಷ್ಟು ಸಲ ನಿಜವಾಗಿದೆ?' ಎಂಬುದು. ಈ ಎರಡು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ನಿಮ್ಮದಾಗಲಿ.